ಫ್ರಿಜ್ ಬಾಗಿಲ ಚಾಡಿ

ಫ್ರಿಜ್ಜಿನಲ್ಲಿಟ್ಟ ಜಾಮೂನು ದಿನದಿನಕ್ಕೂ ಕಮ್ಮಿಯಾಗುತ್ತಿತ್ತು. ರಿಟೈರ್ಡ್ ಎಂಜಿನಿಯರ್ ವಾಮನಮೂರ್ತಿಗಳು ಅಡುಗೆಯ ಸಾಕಮ್ಮನ ಮೇಲೆ ಗೂಬೆ ಕೂರಿಸಿ, ಫ್ರಿಜ್ಜಿನ ಬಾಗಿಲಿಗೆ ಗುಂಡಿಯಷ್ಟು ಚಿಕ್ಕ ಸೆನ್ಸರ್ ಅಂಟಿಸಿದರು.

"ಬಾಗಿಲು ತೆರೆದರೆ ಇದು ನನ್ನ ಫೋನಿಗೆ ಮಾತ್ರ ಹೇಳುತ್ತೆ. ಇನ್ನು ನಿನ್ನ ಆಟ ನಡೆಯಲ್ಲ!"

ಸೆನ್ಸರಿನ ಡಬ್ಬಿಯ ಮೇಲೆ ಅಚ್ಚಾಗಿದ್ದ ಪಾಸ್‌ವರ್ಡನ್ನು ಮೂರ್ತಿಗಳು ಬದಲಾಯಿಸಿರಲಿಲ್ಲ. ಸಾಕಮ್ಮ ಅದನ್ನೇ ಒತ್ತಿ, ಸೆನ್ಸರನ್ನು ಅವರ ಹೆಂಡತಿ ಪದ್ಮಮ್ಮನ ಫೋನಿಗೂ ಜೋಡಿಸಿಕೊಟ್ಟಳು.

ಮರುದಿನ ಹೆಂಗಸರಿಬ್ಬರೂ ಜಗಲಿಯಲ್ಲಿ ಸೊಪ್ಪು ಸೋಸುತ್ತಿದ್ದಾಗ ಪದ್ಮಮ್ಮನ ಫೋನು ಕುಂಯ್ ಎಂದಿತು.

"ನಾನಿಲ್ಲೇ ಇದ್ದೀನಲ್ಲಮ್ಮಾ?" ಎಂದಳು ಸಾಕಮ್ಮ.

ಪದ್ಮಮ್ಮ ಒಳಗೆ ಧಾವಿಸಿದರು. ಮೂರ್ತಿಗಳ ಕೆನ್ನೆ ಉಬ್ಬಿತ್ತು.

"ನಿಮಗೆ ಶುಗರ್ ಅಲ್ವೇನ್ರೀ!"

ಮೂರ್ತಿಗಳು ಗುಟುಕ್ಕನೆ ನುಂಗಿದರು. "ಸೆನ್ಸರ್ ಕೆಲಸ ಮಾಡುತ್ತಾ ಅಂತ ನೋಡ್ತಿದ್ದೆ ಕಣೇ."

ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ಹೇಳಿದಳು: "ಬಲು ಚೆನ್ನಾಗಿ ಮಾಡ್ತಿದೆ, ಸ್ವಾಮಿ."