ಎಲ್ಲವೂ ಕೈಗೆ ಸಿಗುವ ಮೇಜು

"ಗುರುಗಳೇ, ರೇಡಿಯೊ ಮೇಜನ್ನು ಹೇಗೆ ಮಾಡಿಸಿದರೆ ಕೂತವನಿಗೆ ಸುಖ?" ಎಂದು ಶಿಷ್ಯ ಕೇಳಿದ. ಅವನ ಕೈಗೆ ಹ್ಯಾಮ್ ರೇಡಿಯೊ ಪರವಾನಗಿ ಬಂದು ವಾರವಾಗಿತ್ತು. ಮೇಜಿನ ನಕ್ಷೆಯನ್ನೂ ಬರೆದು ತಂದಿದ್ದ.

ಗುರುಗಳು ನಕ್ಷೆಯನ್ನು ನೋಡಿ, ಮಡಿಸಿ ಪಕ್ಕಕ್ಕಿಟ್ಟು ಹೇಳತೊಡಗಿದರು.

ನದಿ ದಂಡೆಯ ಪಟ್ಟಣದಲ್ಲಿ ಒಬ್ಬ ಹ್ಯಾಮ್, ಎಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ದೂರದವರ ಜೊತೆ ಮಾತಾಡುವವನು, ಇದ್ದ. ಇಪ್ಪತ್ತು ವರ್ಷ ಊಟದ ಮೇಜಿನ ಮೇಲೆ ರೇಡಿಯೊ ಇಟ್ಟುಕೊಂಡು, ಕತ್ತು ಬಗ್ಗಿಸಿ ಮಾತಾಡಿ ಮಾತಾಡಿ, ಬೆನ್ನು ಹಾಳುಮಾಡಿಕೊಂಡಿದ್ದ. ಕೊನೆಗೆ ಬಡಗಿಯನ್ನು ಕರೆಸಿದ.

"ಕೆಲಸ ಮಾಡೋ ಹಾಗೆ ಕೂತ್ಕೊಳ್ಳಿ ಸ್ವಾಮಿ, ಅಳತೆ ತಗೋತೀನಿ" ಎಂದ ಬಡಗಿ.

ಹ್ಯಾಮ್ ಮೈಕ್ ಹಿಡಿದು ಕೂತ. ಬಡಗಿ ಮೊಣಕೈಯ ಎತ್ತರ, ಕಣ್ಣಿನ ಮಟ್ಟ, ಕಾಲು ಚಾಚುವ ಉದ್ದ ಎಲ್ಲವನ್ನೂ ಅಳೆದ. ಮೇಜು ತಯಾರಾಯಿತು. ರೇಡಿಯೊ ಕಣ್ಣೆದುರು, ಗುಂಡಿಗಳು ಬೆರಳ ತುದಿಗೆ, ಮೈಕ್ ಬಾಯಿಯ ಹತ್ತಿರ. ಕಾಫಿ ಲೋಟ ಉರುಳದಿರಲೆಂದು ಹಲಗೆಯಲ್ಲಿ ಒಂದು ಕುಳಿಯನ್ನೂ ಕೊರೆಸಿದ್ದ ಆಸಾಮಿ. ಮನೆಗೆ ಬಂದವರನ್ನೆಲ್ಲ ಅದರ ಮುಂದೆ ಕೂರಿಸಿ ತೋರಿಸಿದ. ನೋವು ಹೋದ ಬೆನ್ನಿನ ಸಂತೋಷ ಸಣ್ಣದಲ್ಲ, ಅದನ್ನು ಹಳಿಯಬಾರದು.

ಆ ವರ್ಷ ನದಿ ಉಕ್ಕಿತು. ಫೋನುಗಳು ಕೆಟ್ಟವು. ಜನರನ್ನು ಕಾಪಾಡುವ ದೋಣಿ ಯಾವ ಊರಿಗೆ ಹೋಗಬೇಕೆಂದು ತಿಳಿಸುವ ಹೊಣೆ ಈ ಹ್ಯಾಮ್‌ನ ಮೇಲೆ ಬಿತ್ತು. ಬೆಳಿಗ್ಗೆ ಹತ್ತಕ್ಕೆ ರೇಡಿಯೊದಲ್ಲಿ ಕ್ಷೀಣವಾದ ದನಿ ಕೇಳಿಸಿತು. ಊರಿನ ಹೆಸರು, ಮಾಳಿಗೆ ಹತ್ತಿದವರು ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು ಎಂದು ಒಂದೇ ಉಸಿರಿಗೆ ಹೇಳುತ್ತಿತ್ತು. ಹ್ಯಾಮ್ ಬರೆದುಕೊಳ್ಳಲು ಕೈ ಚಾಚಿದ. ಮೇಜಿನ ಮೇಲೆ ಅಂಗೈಯಗಲ ಜಾಗವಿರಲಿಲ್ಲ. ಕಾಗದ ಹಿಂದಿನ ಕಪಾಟಿನಲ್ಲಿತ್ತು, ಎದ್ದರೆ ಹೆಡ್‌ಫೋನ್ ತೆಗೆಯಬೇಕು. ನೆನಪಿಟ್ಟುಕೊಂಡರಾಯಿತು ಎಂದು ಕೂತಲ್ಲೇ ಕೇಳಿಸಿಕೊಂಡ. ಮತ್ತೊಮ್ಮೆ ಹೇಳಿ ಎನ್ನುವಷ್ಟರಲ್ಲಿ ಆ ಕಡೆಯ ಬ್ಯಾಟರಿ ಮುಗಿದಿತ್ತು.

ಆ ದನಿ ಹೇಳಿದ್ದು ಹಳೇ ಬಿದರೂರೋ, ಹೊಸ ಬಿದರೂರೋ? ಹೊಸದೇ ಇರಬೇಕು ಎಂದು ದೋಣಿಯವರಿಗೆ ಹೇಳಿಬಿಟ್ಟ. ಅಲ್ಲಿ ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ದೋಣಿ ತಿರುಗಿ ಹಳೇ ಬಿದರೂರನ್ನು ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಬೆಳಿಗ್ಗೆ ಹನ್ನೊಂದು ಜನರಿದ್ದ ಮಾಳಿಗೆಯ ಮೇಲೆ ಒಂಬತ್ತು ಜನರಿದ್ದರು. ಆಮೇಲೆ ಎಷ್ಟೋ ದಿನ ಹ್ಯಾಮ್‌ಗೆ ಅನ್ನ ಸೇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮಡಿಸಿಟ್ಟ ನಕ್ಷೆಯನ್ನು ಮತ್ತೆ ಬಿಡಿಸಿದ. "ಹಾಗಾದರೆ ಬಲಗಡೆ ಕಾಗದಕ್ಕೂ ಒಂದಿಷ್ಟು ಜಾಗ ಬಿಡ್ತೀನಿ ಗುರುಗಳೇ" ಎಂದ.

"ಮೇಜು ನಿನ್ನನ್ನು ಕರೆಯುವವರದು ಮಗು, ಅವರು ಬಿಟ್ಟ ಜಾಗದಲ್ಲಿ ನೀನು ಕೂರು."