ಸರ್ವಿಸ್ ದಿನದ ಹ್ಯಾಂಡಲ್

ಕೊಟ್ರೇಶ ಕೇಳಿದ: "ಗುರುಗಳೇ, ಎಂಟು ವರ್ಷದಿಂದ ಪ್ರತಿ ಸೋಮವಾರ ನಿಮ್ಮೆದುರು ಕೂತು ಎದ್ದು ಹೋಗಿದ್ದೇನೆ. ಒಂದು ದಿನವೂ ನೀವು ನನ್ನಲ್ಲಿ ತಪ್ಪು ಕಂಡವರಲ್ಲ. ನಿಮ್ಮ ಕಣ್ಣಿಗೇ ಬೀಳದ ತಪ್ಪು ನನ್ನ ಹೆಂಡತಿಯ ಕಣ್ಣಿಗೆ ಹೇಗೆ ಬಿತ್ತು?"

ಅವನ ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ತಿಂಗಳಾಗಿತ್ತು. ಇನ್ನು ಗಂಡನ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಅಣ್ಣನ ಬಾಯಲ್ಲಿ ಹೇಳಿ ಕಳಿಸಿದ್ದಳು. ಗುರುಗಳ ಮಾತೆಂದರೆ ಅವಳ ತವರಿನವರು ತೆಗೆದುಹಾಕುವವರಲ್ಲ. 'ಕೊಟ್ರೇಶ ಒಳ್ಳೆಯವನು, ಅವಳನ್ನು ಕಳಿಸಿಕೊಡಿ' ಎಂದು ಒಂದು ಚೀಟಿ ಬರೆಸಿಕೊಂಡು ಹೋಗಲು ಅವನು ಬಂದಿದ್ದ.

ಅಲ್ಲಿದ್ದ ನಾಲ್ಕಾರು ಜನ ಅವನ ಮಾತಿನ ಧಾಟಿಗೆ ಬೆಚ್ಚಿಬಿದ್ದರು. ಗುರುಗಳಿಗೆ ಸಿಟ್ಟು ಬರಲಿಲ್ಲ. "ಚೀಟಿ ಬರೆಯೋಣವಂತೆ. ಮೊದಲು ಕೂತು ಈ ಕತೆ ಕೇಳು. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಇದೆ" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಳೆ ವ್ಯಾಪಾರಿ. ಹೊಸ ಮೋಟಾರ್‌ಸೈಕಲ್ ಕೊಂಡ. ಕೊಂಡ ಮೇಲೆ ಸುಮ್ಮನೆ ಓಡಿಸಿಕೊಂಡಿದ್ದರೆ ಆಗುತ್ತಿತ್ತು. ಊರಿನಲ್ಲಿ ಅಂಥದೇ ಗಾಡಿ ಇನ್ನೂ ಹತ್ತು ಇದ್ದವು, ತನ್ನದು ಹನ್ನೊಂದನೆಯದು ಎಂಬುದನ್ನು ಅವನಿಗೆ ಸಹಿಸಲಾಗಲಿಲ್ಲ. ಬಿಡಿಭಾಗದ ಅಂಗಡಿಗೆ ಹೋಗಿ ಕಂಪನಿಯವರು ಕೊಟ್ಟ ಹ್ಯಾಂಡಲ್ ತೆಗೆಸಿ, ಎದೆಮಟ್ಟಕ್ಕೆ ಬರುವ ಎತ್ತರದ ಹ್ಯಾಂಡಲ್ ಹಾಕಿಸಿದ.

ಅಂಗಡಿಯವನು ಒಂದು ಮಾತು ಹೇಳಿದ. "ಅಣ್ಣಾ, ಹ್ಯಾಂಡಲ್ ಮೇಲಕ್ಕೆ ಹೋಯ್ತು, ಮುಂದಿನ ಬ್ರೇಕಿನ ಪೈಪು ಮಾತ್ರ ಹಳೇ ಅಳತೆಯದೇ ಇದೆ. ತಿರುಗಿಸಿದಾಗ ಜಗ್ಗುತ್ತೆ. ಉದ್ದದ್ದು ತರಿಸಿ ಹಾಕ್ತೀನಿ, ಮುಂದಿನ ವಾರ ಬನ್ನಿ."

"ಆಯ್ತು ಬಿಡಪ್ಪ" ಎಂದು ವ್ಯಾಪಾರಿ ಬಂದುಬಿಟ್ಟ. ಮುಂದಿನ ವಾರ ಮದುವೆ ಸೀಸನ್. ಅದರ ಮುಂದಿನ ವಾರ ಅವನಿಗೆ ನೆನಪೇ ಇರಲಿಲ್ಲ.

ಮೊದಲ ಸರ್ವಿಸ್ ಬಂತು. ಹೊರಗಿನ ಸಾಮಾನು ಹಾಕಿದ ಗಾಡಿಗೆ ವಾರಂಟಿ ಕೊಡುವುದಿಲ್ಲವೆಂದು ಶೋರೂಮಿನ ಗೋಡೆಯ ಮೇಲೆಯೇ ಬರೆದಿತ್ತು. ವಾರಂಟಿ ಕಳೆದುಕೊಳ್ಳಲು ಅವನೇನು ಹುಚ್ಚನೇ? ಅಂಥ ಗಾಡಿ ಇಟ್ಟವರೆಲ್ಲ ಮಾಡುವುದನ್ನೇ ಅವನೂ ಮಾಡಿದ. ಹಿಂದಿನ ಸಂಜೆ ಅಂಗಳದಲ್ಲಿ ಕೂತು ಎತ್ತರದ ಹ್ಯಾಂಡಲ್ ಬಿಚ್ಚಿದ. ಬೋಲ್ಟಿನ ಮೇಲೆ ಸ್ಪ್ಯಾನರಿನ ಗುರುತು ಬೀಳದ ಹಾಗೆ ಬಟ್ಟೆ ಸುತ್ತಿಕೊಂಡು ಬಿಚ್ಚಿದ. ಕಂಪನಿ ಹ್ಯಾಂಡಲ್ ಮರಳಿ ಕೂರಿಸಿದ. ಬಿಚ್ಚಿದ್ದನ್ನು ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದ.

ಹೆಂಡತಿ ಕೇಳಿದಳು. "ರಿಪೇರಿ ಮಾಡೋರಿಗೆ ಇದ್ದದ್ದನ್ನ ಇದ್ದ ಹಾಗೆ ತೋರಿಸಬಾರದೇನ್ರಿ?"

"ತೋರಿಸಿದ್ರೆ ವಾರಂಟಿ ಹೋಗುತ್ತೆ ಕಣೇ. ನಿನಗೆ ಇದೆಲ್ಲ ತಿಳಿಯಲ್ಲ."

ಶೋರೂಮಿನಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದ. ಮೂವತ್ತು ವರ್ಷ ಗಾಡಿಗಳ ಜೊತೆ ಬಾಳಿದವನು. ಅವನು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದ, ಬಲಕ್ಕೆ ಪೂರ್ತಿ ತಿರುಗಿಸಿದ. ಪೈಪು ಎಲ್ಲೂ ಜಗ್ಗಲಿಲ್ಲ. ಬ್ರೇಕ್ ಒತ್ತಿ ನೋಡಿದ. ಗಟ್ಟಿಯಾಗಿತ್ತು. 'ಬ್ರೇಕ್ ಸರಿಯಿದೆ' ಎಂದು ಬರೆದು ರುಜು ಹಾಕಿದ. ಆ ಸಂಜೆಯೇ ವ್ಯಾಪಾರಿ ಮಂಚದ ಕೆಳಗೆ ಕೈಹಾಕಿ ಎತ್ತರದ ಹ್ಯಾಂಡಲ್ ಎಳೆದುಕೊಂಡ. ಶೋರೂಮಿನವರ ಕಣ್ಣಿಗೆ ಮಣ್ಣೆರಚಿದೆನೆಂದು ಅವನಿಗೆ ಖುಷಿಯೋ ಖುಷಿ.

ಹೀಗೇ ಮೂರು ಸರ್ವಿಸ್ ಆಯಿತು. ನಾಲ್ಕನೆಯ ಸಲ ಮೇಸ್ತ್ರಿ ಪೈಪಿನ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಂತ. ಪೈಪಿನ ಕತ್ತಿನ ಹತ್ತಿರ ರಬ್ಬರು ಕೂದಲೆಳೆಯಷ್ಟು ಬಿಳಿಚಿತ್ತು.

"ಸಾಹೇಬ್ರೆ, ಇದು ಎಲ್ಲೋ ಜಗ್ಗಿದ ಹಾಗಿದೆ. ಹ್ಯಾಂಡಲ್ಲಿಗೆ ಏನಾದರೂ ಮಾಡಿಸಿದ್ರಾ?"

ವ್ಯಾಪಾರಿಯ ಎದೆ ಧಸಕ್ಕೆಂದಿತು. ಬಾಯಿ ಮಾತ್ರ ಪಳಗಿತ್ತು. "ಅಯ್ಯೋ, ನಾನೇನು ಮಾಡಿಸಲಿ ಮೇಸ್ತ್ರಿ? ನೀವು ಕೊಟ್ಟ ಗಾಡಿ, ಕೊಟ್ಟ ಹಾಗೇ ಇದೆ."

ಮೇಸ್ತ್ರಿ ಮತ್ತೊಮ್ಮೆ ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಪೈಪು ಸಡಿಲವಾಗಿಯೇ ಇತ್ತು. ಬಿಸಿಲಿಗೆ ಹಾಗಾಗಿರಬೇಕೆಂದುಕೊಂಡ. ಎದುರಿಗೆ ನಿಂತ ಮನುಷ್ಯನನ್ನು ನಂಬಿದ. ರುಜು ಹಾಕಿದ.

ಹನ್ನೆರಡು ದಿನ ಕಳೆದಿತ್ತು. ವ್ಯಾಪಾರಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದ. ಮುಂದಿದ್ದ ಲಾರಿ ಗಕ್ಕನೆ ನಿಂತಿತು. ಅವನು ಮುಂದಿನ ಬ್ರೇಕ್ ಅಮುಕಿದ. ಪೈಪು ಕತ್ತಿನ ಬಳಿ ಒಡೆದು ಎಣ್ಣೆ ಚಿಮ್ಮಿತು. ಬ್ರೇಕಿನ ಹಿಡಿ ಏನೂ ಇಲ್ಲದ ಹಾಗೆ ಪೂರ್ತಿ ಒಳಗೆ ಬಂದುಬಿಟ್ಟಿತು. ಲಾರಿಗೆ ಬಡಿಯುವುದನ್ನು ತಪ್ಪಿಸಲು ಪಕ್ಕಕ್ಕೆ ಎಳೆದ. ಗಾಡಿ ಮೋರಿಯ ಕಲ್ಲಿಗೆ ಬಡಿಯಿತು. ಅವನಿಗೆ ಮೊಣಕೈ ತರಚಿತು, ಅಷ್ಟೇ. ಅವಳ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು.

ಆಸ್ಪತ್ರೆಯಲ್ಲಿ ಅವಳು ನೋವಿಗೆ ಹಲ್ಲು ಕಚ್ಚಿಕೊಂಡು ಮಲಗಿದ್ದಳು. ಅವನು ಗರಬಡಿದವನಂತೆ ಕೂತಿದ್ದ. ಅವಳ ಮುಖ ನೋಡಲು ಧೈರ್ಯವಿರಲಿಲ್ಲ. ಆಗ ಅವನಿಗೆ ಏನು ಹೊಳೆಯಿತು ಗೊತ್ತೇ? ವಾರಂಟಿ. ಥೂ ಎನ್ನಬೇಡಿ, ಇನ್ನೂ ಇದೆ. ಎದ್ದು ಮನೆಗೆ ಹೋದ. ಭಾವಮೈದುನನ ಕೈಲಿ ಮುರಿದ ಗಾಡಿ ಅಂಗಳಕ್ಕೆ ತರಿಸಿದ. ಹೆಂಡತಿಯ ರಕ್ತದ ಕಲೆ ಇನ್ನೂ ಸೀಟಿನ ಮೇಲಿತ್ತು. ಅದರ ಪಕ್ಕದಲ್ಲೇ ಕೂತು, ಬೋಲ್ಟಿಗೆ ಬಟ್ಟೆ ಸುತ್ತಿ, ಎತ್ತರದ ಹ್ಯಾಂಡಲ್ ಬಿಚ್ಚಿ ಕಂಪನಿ ಹ್ಯಾಂಡಲ್ ಕೂರಿಸಿದ.

ಮರುದಿನ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಶೋರೂಮಿಗೆ ಹೋಗಿ ಬಾಯಿ ಮಾಡಿದ. "ಹದಿಮೂರು ದಿನದ ಹಿಂದೆ ಬ್ರೇಕ್ ಸರಿಯಿದೆ ಅಂತ ಬರೆದುಕೊಟ್ರಲ್ಲ, ನನ್ನ ಹೆಂಡತಿ ಕಾಲು ಹೋಯ್ತು! ಏನು ಹೇಳ್ತೀರಿ?" ಹೇಳುತ್ತ ಹೇಳುತ್ತ ಅವನಿಗೆ ನಿಜವಾಗಿಯೂ ಸಿಟ್ಟು ಬಂತು, ಕಣ್ಣಲ್ಲಿ ನೀರೂ ಬಂತು. ಮಾಲೀಕ ಮೇಸ್ತ್ರಿಯನ್ನು ಕರೆಸಿದ.

ಮೇಸ್ತ್ರಿ ಗಾಡಿಯ ಮುಂದೆ ಮಂಡಿಯೂರಿ ಕೂತ. ಒಡೆದ ಪೈಪು ಹಿಡಿದು ನೋಡಿದ. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ವ್ಯಾಪಾರಿ ವಾದಕ್ಕೆ ಸಿದ್ಧನಾಗಿ ನಿಂತಿದ್ದ. ಏನು ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಮೇಸ್ತ್ರಿ ವಾದಿಸಲಿಲ್ಲ. ಎದ್ದು ನಿಂತಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ತಪ್ಪು ನಂದೇ, ಧಣಿ" ಎಂದು ಮಾಲೀಕನಿಗೆ ಹೇಳಿದ. "ಅವತ್ತು ಬಿಳಿಚಿದ್ದನ್ನ ಈ ಕಣ್ಣಾರೆ ನೋಡಿದ್ದೆ. ನೋಡಿನೂ ಬಿಟ್ಟೆ." ಆಮೇಲೆ ವ್ಯಾಪಾರಿಯ ಕಡೆ ತಿರುಗಿದ. "ಅಮ್ಮಾವ್ರು ನಡೀತಾರಾ?"

ವ್ಯಾಪಾರಿಗೆ ಸಿಡಿಲು ಬಡಿದಂತಾಯಿತು. ಮೇಸ್ತ್ರಿ ಜಗಳಕ್ಕೆ ಬಂದಿದ್ದರೆ ಇವನು ಗೆಲ್ಲುತ್ತಿದ್ದ. ಈಗ ಗಾಡಿಯ ಕಡೆ ಮುಖ ತಿರುಗಿಸಿದ.

ಮಾಲೀಕ ಕೈಮುಗಿದು, ಗಾಡಿಗೆ ಬೇಕಾದ್ದನ್ನೆಲ್ಲ ವಾರಂಟಿಯಲ್ಲೇ ಹಾಕಿಸಿಕೊಡುತ್ತೇನೆಂದ. ಅಷ್ಟರಲ್ಲಿ ಮೇಸ್ತ್ರಿ ಕೈ ತೊಳೆದುಕೊಂಡು ಬಂದ. ತನ್ನ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿ ಮಾಲೀಕನ ಮೇಜಿನ ಮೇಲಿಟ್ಟ.

"ಯಾಕೋ, ಏನಿದು?" ಮಾಲೀಕ ಗಾಬರಿಯಾಗಿ ಕೇಳಿದ.

"ಬ್ರೇಕ್ ಕಾಣದ ಕಣ್ಣು ಇಟ್ಕೊಂಡು ಇನ್ನೊಬ್ಬರ ಗಾಡಿ ಮುಟ್ಟಬಾರದು ಧಣಿ. ನನ್ನ ಕೆಲಸ ಮುಗೀತು."

ಮಾಲೀಕ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಬಾಗಿಲಿನವರೆಗೆ ಇದ್ದದ್ದು ಇಪ್ಪತ್ತು ಹೆಜ್ಜೆ. ಮೇಸ್ತ್ರಿ ನಿಧಾನವಾಗಿ ನಡೆದು ಹೋಗುತ್ತಿದ್ದ. 'ನಿಲ್ಲಿ ಮೇಸ್ತ್ರಿ, ಹ್ಯಾಂಡಲ್ ಬದಲಾಯಿಸಿದ್ದು ನಾನು' ಎಂದು ಒಂದು ಮಾತು ಹೇಳಿದ್ದರೆ ಆ ಮನುಷ್ಯ ಅಲ್ಲೇ ನಿಲ್ಲುತ್ತಿದ್ದ. ವ್ಯಾಪಾರಿ ಲೆಕ್ಕ ಹಾಕಿದ. ಹೇಳಿದರೆ ವಾರಂಟಿ ಹೋಗುತ್ತದೆ, ಮಾನವೂ ಹೋಗುತ್ತದೆ. ಅವನು ಇಪ್ಪತ್ತು ಹೆಜ್ಜೆಯನ್ನೂ ನೋಡುತ್ತ ನಿಂತ. ಮೇಸ್ತ್ರಿ ಹೊರಗೆ ಹೋದ. ಅವನು ಮತ್ತೆ ಯಾವ ಗಾಡಿಯನ್ನೂ ಮುಟ್ಟಲಿಲ್ಲವಂತೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೊಟ್ರೇಶನ ಮುಖ ಕೆಂಪಾಗಿತ್ತು. ಕೂತಲ್ಲಿ ಕೂರಲಾಗದೆ ಎದ್ದು ನಿಂತ.

"ಅವನೂ ಒಬ್ಬ ಮನುಷ್ಯನೇ ಗುರುಗಳೇ? ಕಟ್ಟಿಕೊಂಡವಳ ಕಾಲು ಮುರಿದು, ನಂಬಿದವನ ಅನ್ನ ಕಿತ್ತು, ಬಾಯಿ ಮುಚ್ಚಿಕೊಂಡು ನಿಂತನಲ್ಲ! ಛೇ, ಅಂಥವನಿಗೆ ಕ್ಷಮೆ ಎಂಬುದು ಉಂಟೇ?"

ಗುರುಗಳು ಚೀಟಿಗೆಂದು ತೆಗೆದಿಟ್ಟಿದ್ದ ಕಾಗದವನ್ನು ಅವನ ಮುಂದೆ ಸರಿಸಿದರು, ಪೆನ್ನನ್ನೂ ಅವನ ಕೈಗೇ ಕೊಟ್ಟರು.

"ಕ್ಷಮೆಯ ಮಾತು ಆಮೇಲೆ ಆಡೋಣ ಕೊಟ್ರೇಶ, ಈ ಎಂಟು ವರ್ಷ ಇಲ್ಲಿಗೆ ಬರುವ ಮುಂಚೆ ಮನೆಯಲ್ಲಿ ನೀನು ಏನೇನು ಬಿಚ್ಚಿಟ್ಟು ಬರುತ್ತಿದ್ದೆ, ಅದನ್ನು ಮೊದಲು ಬರೆ."