ಕಡಿಯದ ಮರದ ಪಾಲು

ಬಹಳ ಹಿಂದಿನ ಮಾತು. ಗುಡ್ಡದ ಬುಡದಲ್ಲಿ ಒಂದೂರು, ಊರ ಸುತ್ತ ಕಬ್ಬು, ಕಬ್ಬಿಗೆ ತಕ್ಕಂತೆ ಆಲೆಮನೆ. ಆ ಊರಿಗೆ ದ್ಯಾವಮ್ಮ ಅನ್ನೋ ಹೆಂಗಸು ಬಂದಳಂತೆ. ಅವಳ ಊರನ್ನು ಜ್ವರ ನುಂಗಿತ್ತು, ತನ್ನವರು ಅನ್ನೋರು ಒಬ್ಬರೂ ಇರಲಿಲ್ಲ, ಒಲೆ ಕಟ್ಟೋ ಕೈಕೆಲಸ ಒಂದು ಉಳಿದಿತ್ತು ಅಂತಾರೆ.

ಆಗ ಬೆಲ್ಲ ಕಾಯಿಸೋಕೆ ಗುಡ್ಡದ ಮರವೇ ಗತಿ. ಕೊಪ್ಪರಿಗೆ ಕುದಿದೂ ಕುದಿದೂ ಗುಡ್ಡ ಅರ್ಧ ಬೋಳಾಗಿತ್ತು. ಸೌದೆ ಎಳೆದು ಎತ್ತು ಸೋತವು, ಆಳು ಸೋತರು. ದ್ಯಾವಮ್ಮ ಊರ ಯಜಮಾನ ಪಾಪೇಗೌಡನ ಹತ್ತಿರ ಹೋಗಿ, ನಿಮ್ಮ ಒಲೆ ಬೆಂಕಿಯನ್ನೆಲ್ಲ ಗಾಳಿಗೆ ಉಣ್ಣಿಸ್ತಾ ಇದೆ, ನಾನು ಬೇರೆ ಕಟ್ಟಿಕೊಡ್ತೀನಿ, ಉಳಿಯೋ ಸೌದೆಯಲ್ಲಿ ಅರ್ಧ ನನಗೆ ಅಂದಳಂತೆ. ಅದನ್ನು ಮಾರಿ ಆ ಊರಲ್ಲೇ ಒಂದು ಗುಡಿಸಲು ಹಾಕಬೇಕು, ನೆರೆಮನೆಯವರ ಮಾತು ಕಿವಿಗೆ ಬೀಳೋ ಹಾಗೆ ಬಾಳಬೇಕು ಅನ್ನೋದು ಅವಳ ಆಸೆ. ಗೌಡ ಹಿರಿಯರ ಮುಂದೆ ವೀಳ್ಯ ಹಿಡಿದು ಮಾತು ಕೊಟ್ಟ.

ದ್ಯಾವಮ್ಮ ಒಲೆಯ ಬಾಯಿ ಕಿರಿದು ಮಾಡಿದಳು. ಹೊಗೆಗೆ ಹಿಂದಿನಿಂದ ದಾರಿ ಬಿಟ್ಟಳು. ರಸ ಹಿಂಡಿ ಎಸೆದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಉರಿಸಿದಳು. ಆ ಸಲ ಗುಡ್ಡಕ್ಕೆ ಕೊಡಲಿ ಹೋಗಲೇ ಇಲ್ಲವಂತೆ.

ಕೆಲಸ ಮುಗಿದ ಮೇಲೆ ಪಾಲು ಕೇಳಿದಳು. ಅರಳಿಕಟ್ಟೆಯಲ್ಲಿ ನ್ಯಾಯ ಸೇರಿತು.

"ಉಳಿದ ಸೌದೆ ಎಲ್ಲವ್ವ, ತೋರ್ಸು?" ಅಂದ ಗೌಡ. "ಕಡೀದೇ ಇರೋ ಮರಕ್ಕೆ ಪಾಲು ಕೇಳೋರುಂಟಾ?"

ಸಿಪ್ಪೆ ಉರಿಯುತ್ತೆ ಅಂತ ನಮಗೂ ಗೊತ್ತಿತ್ತು ಅಂದರು ಕೆಲವರು. ವೀಳ್ಯ ಕಂಡಿದ್ದ ಹಿರಿಯರು ನೆಲ ನೋಡಿಕೊಂಡು ಕೂತರು. ದ್ಯಾವಮ್ಮ ಒಬ್ಬೊಬ್ಬರ ಮುಖ ನೋಡುತ್ತಾ ಬಂದಳು. ಇವರ ನಡುವೆಯೇ ಅಲ್ಲವೇ ನಾನು ಮನೆ ಹಾಕಬೇಕು ಅಂತಿದ್ದದ್ದು ಅನ್ನಿಸಿತು. ಆಮೇಲೆ ಗುಡ್ಡದ ಕಡೆ ಕೈ ತೋರಿಸಿದಳಂತೆ.

"ಅಗೋ, ನಿಂತವಲ್ಲ. ಅದರಲ್ಲಿ ಅರ್ಧ ನಂದು."

ಕಟ್ಟೆಯೆಲ್ಲ ನಕ್ಕಿತು. ಗೌಡನೂ ನಗುತ್ತಾ, ಬಡಗಣ ಮಗ್ಗುಲು ನಿಂದೇ ಹೋಗು ಅಂದ. ಅವಳು ಹೋದಳು.

ಕಡಿದು ಮಾರಿದ್ದರೆ ಊರಲ್ಲಿ ಒಂದು ಗುಡಿಸಲು ಆಗುತ್ತಿತ್ತು. ಕಡಿಯಲಿಲ್ಲ. ಆ ಆಸೆಯೇ ಆರಿಹೋಗಿತ್ತು ಅಂತಾರೆ. ಮರದಡಿಯೇ ಇದ್ದುಬಿಟ್ಟಳು. ಎದುರು ಸಿಕ್ಕರೆ ಏನು ಮಾತಾಡೋದು ಅಂತ ಊರವರು ಸುತ್ತುದಾರಿ ಹಿಡಿದರು. ಆಲೆಮನೆಯಿಂದ ಬೆಲ್ಲದ ಘಮ ಮೇಲಕ್ಕೆ ಬರುತ್ತಿತ್ತು. ಮನುಷ್ಯರು ಬರುತ್ತಿರಲಿಲ್ಲ.

ಹೀಗೇ ಕಾಲ ಕಳೆಯಿತು, ತಲೆ ನರೆಯಿತು. ಒಂದು ದಿನ, ಬೇರೆ ಊರಿಂದ ಹೊಸದಾಗಿ ಬಂದ ಸೊಸೆಯೊಬ್ಬಳು, ಏನೂ ತಿಳಿಯದವಳು, ತರಗೆಲೆ ಗುಡಿಸೋಕೆ ಅಲ್ಲಿಗೆ ಹೋದಳಂತೆ. ಮುದುಕಿಯನ್ನು ಕಂಡು, "ಊಟ ಆಯ್ತಾ ಅವ್ವಾ?" ಅಂದಳಂತೆ.

ದ್ಯಾವಮ್ಮ ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ನನ್ನನ್ನಾ ಮಗಾ ಕೇಳಿದ್ದು?" ಅಂದಳು.

ಆ ಮಳೆಗಾಲ ದಾಟಲಿಲ್ಲ, ಹೋದಳು.

ಈಗಲೂ ಬಡಗಣ ಮಗ್ಗುಲಿಗೆ ಯಾರೂ ಕೊಡಲಿ ಒಯ್ಯೋದಿಲ್ಲ. ಆ ದಾರಿಯಲ್ಲಿ ಹೋಗೋರು ನಿಂತು, "ಊಟ ಆಯ್ತಾ ದ್ಯಾವಮ್ಮ?" ಅಂತ ಕೇಳ್ತಾರೆ. ಕೇಳಿದ ಕೂಡಲೇ ಹೊರಡೋದಿಲ್ಲ. ಉತ್ತರ ಹೇಳೋಕೆ ಅವಳಿಗೆ ಸ್ವಲ್ಪ ಹೊತ್ತು ಬೇಕು ಅಂತಾರೆ.